ಕೌನ್ಸಿಲಿಗೆ ಹೋದ ಹಲ್ಲಿನ ಡಾಕ್ಟ್ರು

ಮೆಲ್ಬರ್ನಿನ ಕ್ಲೇಟನ್ನಿನಲ್ಲಿ, ಆಸ್ಪತ್ರೆಯ ಎದುರಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ನಮ್ಮ ಡಾಕ್ಟ್ರ ಮಗಳ ಮೆಸೇಜು ಬಂತು. ‘ಅಪ್ಪ ಇವತ್ತು ಬೆಳಿಗ್ಗೆ ಹೋದರು. ನಿದ್ದೆಯಲ್ಲೇ.’ ಬಸ್ಸು ಬಂತು, ಹತ್ತಿದೆ, ಕೆಲಸಕ್ಕೆ ಹೋದೆ. ಮಧ್ಯಾಹ್ನದವರೆಗೆ ಆರು ಜನರ ಬಾಯಿಗೆ ಎಂಜಲು ಹೀರುವ ಸಕ್ಷನ್ ಪೈಪು ಹಿಡಿದೆ. ಏಳನೆಯವರು ಒಬ್ಬ ಅಜ್ಜ. ಅವರಿಗೆ ಇಂಜೆಕ್ಷನ್ ಕೊಡಬೇಕಿತ್ತು. ನಮ್ಮ ಕ್ಲಿನಿಕ್ಕಿನ ಯುವ ಡೆಂಟಿಸ್ಟು ಜೋಮು ಹಿಡಿಸುವ ಮದ್ದಿನ ಪುಟ್ಟ ಗಾಜಿನ ಕೊಳವೆಯನ್ನು ಪೆಟ್ಟಿಗೆಯಿಂದ ತೆಗೆದು ನೇರ ಸಿರಿಂಜಿಗೆ ಹಾಕಿದ. ಆಗ ನನಗೆ ಅಳು ಬಂತು.

ನಮ್ಮ ಡಾಕ್ಟ್ರು ಹಾಗೆ ಮಾಡುತ್ತಿರಲಿಲ್ಲ. ಆ ಕೊಳವೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಎರಡು ನಿಮಿಷ ಏನಾದರೂ ಹರಟುತ್ತಿದ್ದರು. ನಾಯಿ ಹೇಗಿದೆ, ಮೊಮ್ಮಗಳು ಶಾಲೆಗೆ ಸೇರಿದಳಾ, ನಿಮ್ಮ ಬೀದಿಯ ಚರಂಡಿ ರಿಪೇರಿಯಾಯಿತಾ. ತಣ್ಣಗಿನ ಮದ್ದು ಒಸಡಿಗೆ ಇಳಿದರೆ ಉರಿ ಹೆಚ್ಚು. ಮೈಬಿಸಿ ತಾಗಿದ್ದರೆ ಅಷ್ಟು ಗೊತ್ತಾಗುವುದಿಲ್ಲ. ಡಾಕ್ಟ್ರಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಅಂತ ರೋಗಿ ಅಂದುಕೊಳ್ಳುತ್ತಿದ್ದ. ಅಕ್ಕರೆ ಇತ್ತು, ಸುಳ್ಳಲ್ಲ. ಆದರೆ ಹರಟೆ ಮಾತ್ರ ಮದ್ದು ಬಿಸಿಯಾಗಲಿಕ್ಕೆ.

ಅವರು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದವರು. ಅವರ ಮುತ್ತಜ್ಜ, ಮುತ್ತಜ್ಜಿಯರನ್ನು ಬ್ರಿಟಿಷರು ಕಬ್ಬಿನ ತೋಟದ ಕೂಲಿಗೆಂದು ಹಡಗಿನಲ್ಲಿ ಅಲ್ಲಿಗೆ ಸಾಗಿಸಿದ್ದರಂತೆ. ನೋಡಲು ಮಂಗಳೂರಿನ ಬಂದರಿನಲ್ಲಿ ಮೀನಿನ ಸಗಟು ವ್ಯಾಪಾರ ಮಾಡುವ ಯಜಮಾನರ ಹಾಗೆ ಇದ್ದರು, ಅಗಲ ಎದೆ, ಕಪ್ಪು ಬಣ್ಣ, ಬೆಳ್ಳಗಿನ ಹುಬ್ಬು. ಬಾಯಿ ತೆರೆದರೆ ಮಾತ್ರ ಹಾಡಿನಂಥ ಇಂಗ್ಲಿಷು. ನನ್ನನ್ನು ‘ಗರ್ಲ್’ ಎಂದು ಕರೆಯುತ್ತಿದ್ದರು. ಮೊದಲ ವಾರ ನನಗೆ ಸಿಟ್ಟು ಬಂದಿತ್ತು, ಎರಡು ಮಕ್ಕಳ ತಾಯಿ ನಾನು. ಆಮೇಲೆ ತಿಳಿಯಿತು, ಅವರ ದ್ವೀಪದಲ್ಲಿ ಅದು ನಮ್ಮ ‘ಮಾರಾಯ್ತಿ’ ಇದ್ದ ಹಾಗೆ. ಅಂದಿನಿಂದ ಅವರು ಗರ್ಲ್ ಅಂದಾಗಲೆಲ್ಲ ನನಗೆ ಮಾರಾಯ್ತಿ ಅಂತಲೇ ಕೇಳುತ್ತಿತ್ತು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ನಾವು ಸಿಡ್ನಿಗೆ ಬಂದದ್ದು ಒಲಿಂಪಿಕ್ಸ್ ಮುಗಿದ ಮರುವರ್ಷ. ಗಿರಾವೀನ್‌ನಲ್ಲಿ ಎರಡು ಕೋಣೆಯ ಯೂನಿಟ್ಟು ರೆಂಟಿಗೆ ಹಿಡಿದಿದ್ದೆವು. ನಾನು ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರಿಕೆ ಓದಿ ನಾಲ್ಕು ವರ್ಷ ಸ್ವಂತ ಕ್ಲಿನಿಕ್ ನಡೆಸಿದವಳು. ಇಲ್ಲಿ ಆ ಸರ್ಟಿಫಿಕೇಟು ಫ್ರೇಮು ಹಾಕಿಸಿ ಗೋಡೆಗೆ ತೂಗಲಿಕ್ಕೆ ಮಾತ್ರ. ಹೊರದೇಶದವರು ಎರಡು ಪರೀಕ್ಷೆ ಪಾಸಾಗಬೇಕು, ಒಂದು ಬರೆಯುವುದು, ಇನ್ನೊಂದು ಕೈಯಲ್ಲಿ ಮಾಡಿ ತೋರಿಸುವುದು. ಅಲ್ಲಿಯವರೆಗೆ ಅಂತ ಅಸಿಸ್ಟೆಂಟ್ ಕೆಲಸ ಹುಡುಕುತ್ತ ಅವರ ಕ್ಲಿನಿಕ್ಕಿಗೆ ಹೋದೆ. ಬ್ಲ್ಯಾಕ್‌ಟೌನಿನಿಂದ ಇನ್ನೂ ಆಚೆ, ಒಂದು ವಿಯೆಟ್ನಾಮಿ ಬ್ರೆಡ್ಡಂಗಡಿಯ ಪಕ್ಕದ ಎರಡು ರೂಮು.

ನನ್ನ ಅರ್ಜಿ ಓದಿ ಕನ್ನಡಕ ತೆಗೆದು ಕೇಳಿದರು, “ನೀನು ಡೆಂಟಿಸ್ಟು. ಪೈಪು ಹಿಡಿಯುವ ಕೆಲಸಕ್ಕೆ ಯಾಕೆ ಬಂದೆ?”

“ಮನೆ ನಡೀಬೇಕಲ್ಲ ಡಾಕ್ಟ್ರೇ.”

“ನಾನು ಬಂದಾಗ ಎರಡು ವರ್ಷ ಆಸ್ಪತ್ರೆಯಲ್ಲಿ ಊಟದ ಟ್ರಾಲಿ ತಳ್ಳಿದೆ. ಆಗ ಕಲಿತದ್ದು ಒಂದೇ. ಟ್ರಾಲಿಯ ಮುಂದಿನ ಎಡಗಡೆ ಚಕ್ರ ಯಾವಾಗಲೂ ಕೆಟ್ಟಿರುತ್ತದೆ.” ಅಷ್ಟು ಹೇಳಿ ಎದ್ದು ನನಗೆ ಏಪ್ರನ್ ಕೊಟ್ಟರು. ಇಂಟರ್‌ವ್ಯೂ ಮುಗಿದಿತ್ತು.

ಶನಿವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಮೇಲೆ ಹಿಂದಿನ ರೂಮಿನಲ್ಲಿ ನನ್ನ ಅಭ್ಯಾಸ. ರಬ್ಬರಿನ ಕೆನ್ನೆಯ ಒಂದು ಗೊಂಬೆತಲೆ, ಅದರ ಬಾಯಲ್ಲಿ ಪ್ಲಾಸ್ಟಿಕ್ ಹಲ್ಲು. ನಾನು ಕೊರೆಯುತ್ತಿದ್ದೆ, ಅವರು ಹಿಂದೆ ನಿಂತು ಏನೋ ಗುನುಗುತ್ತಿದ್ದರು. ಗುನುಗು ನಿಂತರೆ ನಾನು ತಪ್ಪು ಮಾಡಿದ್ದೇನೆ ಅಂತ ಅರ್ಥ. ‘ಇನ್ನೊಮ್ಮೆ’ ಅನ್ನುವುದು ಬಿಟ್ಟರೆ ಬೈದದ್ದಿಲ್ಲ. ಬರೆಯುವ ಪರೀಕ್ಷೆ ಮೊದಲ ಸಲಕ್ಕೇ ಪಾಸಾಯಿತು. ಮಾಡಿ ತೋರಿಸುವುದಕ್ಕೆ ಮೆಲ್ಬರ್ನಿಗೆ ಹೋಗಬೇಕಿತ್ತು. ಎರಡು ಸಲ ಹೋದೆ, ಎರಡು ಸಲ ಫೇಲಾದೆ. ಎರಡನೆಯ ಸಲ ವಾಪಸು ಬಂದಾಗ ಅವರು ಬ್ರೆಡ್ಡಂಗಡಿಯಿಂದ ಬಿಸಿ ಬನ್ನು ತಂದು ನನ್ನ ಮುಂದಿಟ್ಟು ಮುಂದಿನ ರೋಗಿಯನ್ನು ಕರೆಯಲು ಹೋದರು.

ಒಂದು ದಿನ ಮಾತಿಗೆ ಮಾತು ಬಂದು, ಅಪ್ಪನ ತಾಯಿಯನ್ನು ತಾವು ‘ಆಜಿ’ ಎಂದು ಕರೆಯುತ್ತಿದ್ದೆವು ಅಂದರು. ನಮ್ಮ ಕನ್ನಡದಲ್ಲಿ ಅಜ್ಜಿ ಅಂತೇವೆ ಅಂದೆ. ಕೈಯಲ್ಲಿದ್ದ, ಹಲ್ಲು ನೋಡುವ ಪುಟ್ಟ ಕನ್ನಡಿ ಕೆಳಗಿಟ್ಟರು. “ಹಾಗಾದರೆ ನಾವು ನಿಮ್ಮ ಕಡೆಯವರೇ ಇರಬಹುದು!” ಆ ಇಡೀ ದಿನ ಬಂದ ರೋಗಿಗಳಿಗೆಲ್ಲ ನನ್ನನ್ನು ‘ನಮ್ಮೂರಿನವಳು’ ಎಂದು ಪರಿಚಯ ಮಾಡಿಸಿದರು. ಬಿಹಾರದ ಕಡೆಯೂ ಆಜಿ ಅನ್ನುತ್ತಾರೆ, ಅವರ ಹಿರಿಯರು ಅಲ್ಲಿಂದಲೇ ಹೋಗಿರಬೇಕು ಅಂತ ನನಗೆ ಆಮೇಲೆ ಯಾರೋ ಹೇಳಿದರು. ನಾನು ಅವರಿಗೆ ಹೇಳಲಿಲ್ಲ.

ಅವರು ರಾಜಕೀಯಕ್ಕೆ ಇಳಿದದ್ದು ಕೆವಿನ್ನಿಂದಾಗಿ. ಕೆವಿನ್ ಲಾರಿ ಓಡಿಸಿ ನಿವೃತ್ತನಾದ ಮುದುಕ, ಬಿಳಿಯ, ಹೆಂಡತಿ ಮಕ್ಕಳು ಯಾರೂ ಇಲ್ಲ. ಕ್ಲಿನಿಕ್ ಇದ್ದ ಬಡಾವಣೆಯ ಕೊನೆಯಲ್ಲಿ ಹೈವೇ ಪಕ್ಕದ ಕ್ಯಾರವಾನ್ ಪಾರ್ಕಿನಲ್ಲಿ ಇದ್ದ. ಚಕ್ರದ ಮೇಲಿನ ಡಬ್ಬಿಮನೆಗಳ ಸಾಲು ಅದು. ರಜೆಗೆ ಬರುವವರಿಗೆಂದು ಮಾಡಿದ್ದಂತೆ, ಆದರೆ ಬೇರೆಲ್ಲೂ ಮನೆ ಹಿಡಿಯಲಾಗದ ಮುದುಕರು ಅಲ್ಲೇ ಬೀಡುಬಿಟ್ಟು ವರ್ಷಗಳಾಗಿದ್ದವು. ಚಕ್ರಗಳು ಮಣ್ಣಲ್ಲಿ ಹೂತುಹೋಗಿದ್ದವು. ಬಾಗಿಲ ಮುಂದೆ ಟೊಮೇಟೊ ಗಿಡ, ಬಟ್ಟೆ ಒಣಗಿಸುವ ತಂತಿ, ಪಿಂಗಾಣಿ ಕಪ್ಪೆ.

ಒಂದು ಸೋಮವಾರ ಬೆಳಿಗ್ಗೆ ಕೆವಿನ್ ಮುಖ ಊದಿಸಿಕೊಂಡು ಬಂದ. ಜೇಬಿನಿಂದ ಟಿಶ್ಯೂ ಪೇಪರಿನ ಪೊಟ್ಟಣ ತೆಗೆದು ಟೇಬಲ್ಲಿನ ಮೇಲಿಟ್ಟ. ಒಳಗೆ ಅರ್ಧ ದವಡೆಹಲ್ಲು. ಇಕ್ಕಳದಿಂದ ತಾನೇ ಕಿತ್ತುಕೊಂಡಿದ್ದ. ಬೇರು ಒಳಗೇ ಮುರಿದು ಉಳಿದಿತ್ತು.

“ಸರಕಾರಿ ಕ್ಲಿನಿಕ್ಕಿನ ವೇಯ್ಟಿಂಗ್ ಲಿಸ್ಟಿನಲ್ಲಿ ಹೆಸರಿದೆ ಡಾಕ್. ಕರೆಯಲೇ ಇಲ್ಲ. ತಡೆಯಲಾಗಲಿಲ್ಲ.”

ಡಾಕ್ಟ್ರು ಅವತ್ತು ಹರಟಲಿಲ್ಲ. ಕೊಳವೆ ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಂತರು. ಮುಕ್ಕಾಲು ಗಂಟೆ ಹಿಡಿಯಿತು ಆ ಬೇರು ತೆಗೆಯಲು. ಕೆವಿನ್ ದುಡ್ಡು ತೆಗೆದಾಗ ಅವನ ಕೈ ಹಿಡಿದು ಬಾಗಿಲ ತನಕ ಕಳಿಸಿ ಬಂದರು. ಆಮೇಲೆ ಆ ಅರ್ಧ ಹಲ್ಲನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. “ನೋಡು ಮಾರಾಯ್ತಿ. ನಮ್ಮ ದ್ವೀಪದಲ್ಲಿ ನಾನು ಚಿಕ್ಕವನಿದ್ದಾಗ ಹೀಗೆ ಕೀಳುತ್ತಿದ್ದರು. ನಾನು ಅರ್ಧ ಭೂಮಿ ಸುತ್ತಿ ಬಂದದ್ದು ಮತ್ತೆ ಇದನ್ನೇ ನೋಡಲಿಕ್ಕಾ?”

ಕೌನ್ಸಿಲ್ ಅಂದರೆ ಇಲ್ಲಿಯ ನಗರಸಭೆ, ಅದರ ಮುಂದಿನ ಚುನಾವಣೆಗೆ ಯಾವ ಪಕ್ಷವೂ ಇಲ್ಲದೆ ನಿಂತರು. ಕೇಳಿದ್ದು ಒಂದೇ. ಖಾಲಿ ಬಿದ್ದಿರುವ ಹಳೆಯ ಶಿಶು ಆರೋಗ್ಯ ಕೇಂದ್ರದ ಕಟ್ಟಡದಲ್ಲಿ ಬಡವರ ಹಲ್ಲು ಬಿಟ್ಟಿಯಾಗಿ ನೋಡಲು ಎರಡು ಕುರ್ಚಿ. ನನ್ನ ಗಂಡ, ನಾನು, ಬ್ರೆಡ್ಡಂಗಡಿಯವರು ಎಲ್ಲ ಸೇರಿ ಮನೆಮನೆಯ ಲೆಟರ್‌ಬಾಕ್ಸಿಗೆ ಕರಪತ್ರ ಹಾಕಿದೆವು. ಕ್ಲಿನಿಕ್ಕಿನ ಬೇಲಿಗೆ ಕಟ್ಟಿದ ಅವರ ನಗುಮುಖದ ಪೋಸ್ಟರಿನಲ್ಲಿ ಯಾರೋ ಮಾರ್ಕರ್ ಪೆನ್ನಿಂದ ಮುಂದಿನ ಹಲ್ಲುಗಳನ್ನೆಲ್ಲ ಕಪ್ಪು ಮಾಡಿದ್ದರು. ನಾನು ಕಿತ್ತುಹಾಕಲು ಹೋದೆ. ಅವರು ಹತ್ತಿರ ಬಂದು ಪರೀಕ್ಷೆ ಮಾಡಿ, “ಬಿಡು, ಕೋರೆಹಲ್ಲು ಉಳಿಸಿದ್ದಾನೆ. ಒಳ್ಳೆಯ ಹುಡುಗನೇ ಇರಬೇಕು” ಅಂದರು.

ನಮ್ಮ ಕನ್ನಡದವರ ರಾಜ್ಯೋತ್ಸವಕ್ಕೆ ಬ್ಲ್ಯಾಕ್‌ಟೌನಿನ ಒಂದು ಶಾಲೆಯ ಹಾಲಿಗೆ ಅವರನ್ನು ಕರೆದುಕೊಂಡು ಹೋದೆ. ಬಿಸಿಬೇಳೆಭಾತಿನ ತಟ್ಟೆ ಹಿಡಿದವರೆಲ್ಲ ಸುತ್ತ ನೆರೆದು ಕ್ರಿಕೆಟ್ ಮಾತು ತೆಗೆದರು. ವೆಸ್ಟ್ ಇಂಡೀಸ್ ಈಗ ಯಾಕೆ ಹೀಗಾಯಿತು ಅಂಕಲ್, ಆ ಕಾಲದ ವೇಗದ ಬೌಲಿಂಗು ನೀವು ನೋಡಿದ್ದೀರಾ. ಅವರು ಗಂಭೀರವಾಗಿ ತಲೆಯಾಡಿಸುತ್ತ ‘ಹೌದು, ಹಳೆಯ ಕಾಲ ಬೇರೆ’ ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. ವಾಪಸು ಕಾರಿನಲ್ಲಿ ಬರುವಾಗ ಹೇಳಿದರು, “ನನಗೆ ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. ಚಿಕ್ಕಂದಿನಲ್ಲಿ ಒಂದು ಸಲ ಚೆಂಡು ಮೂಗಿಗೆ ಬಡಿಯಿತು, ಅಲ್ಲಿಗೆ ಬಿಟ್ಟೆ. ಇದನ್ನು ಎಲೆಕ್ಷನ್ ಮುಗಿಯುವ ತನಕ ಯಾರಿಗೂ ಹೇಳಬೇಡ.” ನಾವಿಬ್ಬರೂ ಅಷ್ಟು ನಕ್ಕದ್ದು ಅದೇ ಕೊನೆ ಅನಿಸುತ್ತದೆ. ಚುನಾವಣೆಯಲ್ಲಿ ನಮ್ಮ ವಾರ್ಡಿನ ಕೊನೆಯ ಸೀಟು ಅವರಿಗೆ ಸಿಕ್ಕಿತು.

ಕೌನ್ಸಿಲ್ ಸಭೆ ಬುಧವಾರ ಸಂಜೆ. ಗುರುವಾರ ಬೆಳಿಗ್ಗೆ ನನಗೆ ವರದಿ. ಅವರು ಜನರನ್ನು ಗುರುತಿಟ್ಟುಕೊಳ್ಳುತ್ತಿದ್ದದ್ದು ಹಲ್ಲಿನಿಂದ. ಮೇಯರು ಹಲ್ಲು ಕಡಿಯುವವನು, ಅದಕ್ಕೇ ಅವನ ಹಲ್ಲೆಲ್ಲ ಮೊಂಡು. ರಸ್ತೆಯ ಕಮಿಟಿಯವಳಿಗೆ ಕೆಳಗಿನ ಕಟ್ಟಿಸಿದ ಹಲ್ಲು ಸಡಿಲ, ಅದಕ್ಕೇ ಮಾತು ಕಡಿಮೆ. “ಕ್ಲಿನಿಕ್ಕಿನಲ್ಲಿ ಬಾಯಿ ತೆರೆದವರು ಸುಳ್ಳು ಹೇಳಲಾರರು. ಕೌನ್ಸಿಲ್ಲಿನಲ್ಲಿ ಬಾಯಿ ತೆರೆಯುವುದೇ ಅದಕ್ಕೆ” ಎಂದು ನಗುತ್ತಿದ್ದರು. ಕ್ರಮೇಣ ನಗು ಕಡಿಮೆಯಾಯಿತು. ಹಲ್ಲಿನ ಕುರ್ಚಿಯ ಮಾತೆತ್ತಿದಾಗಲೆಲ್ಲ ಉಳಿದ ಸದಸ್ಯರು, ಹಲ್ಲು ಕೌನ್ಸಿಲ್ಲಿನ ಕೆಲಸವಲ್ಲ, ರಾಜ್ಯ ಸರಕಾರದ್ದು ಅನ್ನುತ್ತಿದ್ದರು. ರಾಜ್ಯಕ್ಕೆ ಬರೆದರೆ ಅವರು ಕೇಂದ್ರದ ಕಡೆ ಕೈ ತೋರಿಸುತ್ತಿದ್ದರು. ಕೇಂದ್ರದಿಂದ ಬಂದ ಪತ್ರದಲ್ಲಿ ನಿಮ್ಮ ಕೌನ್ಸಿಲ್ಲನ್ನು ಸಂಪರ್ಕಿಸಿ ಅಂತ ಇತ್ತು. ಆ ಪತ್ರವನ್ನು ಅವರು ಸೋಂಕು ತೆಗೆಯುವ ಯಂತ್ರದ ಮೇಲೆ ಅಂಟಿಸಿದರು. ಎರಡು ವರ್ಷ ಹೀಗೇ ಹೋಯಿತು.

ಆಮೇಲೆ ಮೇಯರು ಒಂದು ದಿನ ಅವರನ್ನು ಕಾಫಿಗೆ ಕರೆದರು. ಕ್ಯಾರವಾನ್ ಪಾರ್ಕಿನ ಜಾಗದ ಮಾಲೀಕ ಅದನ್ನು ಮನೆ ಕಟ್ಟಿ ಮಾರುವ ಕಂಪನಿಗೆ ಕೊಡುವವನಿದ್ದ. ಅದಕ್ಕೆ ಜಾಗದ ಬಳಕೆಯನ್ನು ಬದಲಿಸಿ ಕೌನ್ಸಿಲ್ ಒಪ್ಪಿಗೆ ಕೊಡಬೇಕು. ಪರ ವಿರುದ್ಧ ಸಮಸಮ ಇತ್ತು, ಒಂದು ವೋಟು ಬೇಕು. ಕಂಪನಿಯವರು ಊರಿಗೆ ಏನಾದರೂ ಒಳ್ಳೆಯದು ಮಾಡಿಕೊಡಲು ತಯಾರಿದ್ದರು. ಶಿಶು ಕೇಂದ್ರದ ಕಟ್ಟಡ ರಿಪೇರಿ ಮಾಡಿ, ಎರಡು ಹಲ್ಲಿನ ಕುರ್ಚಿ ಹಾಕಿಸಿಕೊಡಲು.

ನನಗೆ ಇದರಲ್ಲಿ ಇನ್ನೊಂದು ವಿಷಯವಿತ್ತು. ಅಂಥ ಸರಕಾರಿ ಕ್ಲಿನಿಕ್ಕಿನಲ್ಲಿ, ಬರೆಯುವ ಪರೀಕ್ಷೆ ಪಾಸಾದ ಹೊರದೇಶದವರಿಗೆ ಹಿರಿಯರೊಬ್ಬರ ಕಣ್ಣಳತೆಯಲ್ಲಿ ಡೆಂಟಿಸ್ಟಾಗಿ ಕೆಲಸ ಮಾಡಲು ದಾರಿ ಇತ್ತು. ‘ಎರಡನೆಯ ಕುರ್ಚಿ ನಿನ್ನದೇ ಮಾರಾಯ್ತಿ’ ಎಂದು ಡಾಕ್ಟ್ರು ಮೊದಲೇ ಹೇಳಿದ್ದರು. ನಾನು ಮನೆಯಲ್ಲಿ ಗಂಡನಿಗೆ ಹೇಳಿದ್ದೆ. ಮಂಗಳೂರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದ್ದೆ.

ವೋಟಿನ ಬುಧವಾರ ಮಧ್ಯಾಹ್ನ ಅವರ ಹೆಂಡತಿ ಊಟ ತಂದರು. ಅವರು ಪ್ರೈಮರಿ ಶಾಲೆಯ ಟೀಚರು, ನಾವೆಲ್ಲ ಮಿಸ್ ಅನ್ನುತ್ತಿದ್ದೆವು. ರೊಟ್ಟಿ, ಸಿಹಿಗುಂಬಳದ ಪಲ್ಯ. ಹಿಂದಿನ ರೂಮಿನಲ್ಲಿ ಗೊಂಬೆತಲೆಯನ್ನು ಪಕ್ಕಕ್ಕೆ ಸರಿಸಿ ಮೂವರೂ ಕೂತೆವು. ಡಾಕ್ಟ್ರು ರೊಟ್ಟಿ ಹರಿದರು, ತಿನ್ನಲಿಲ್ಲ.

“ಏನು ಮಾಡಲಿ?”

ಮಿಸ್ ತಲೆ ಎತ್ತದೆ ಹೇಳಿದರು, “ಕೆವಿನ್ನನ ಮನೆ ಕಿತ್ತು ಅವನ ಹಲ್ಲು ಸರಿಮಾಡುತ್ತೀಯಾ?”

“ಪಾರ್ಕಿನವರಿಗೆ ಬೇರೆ ವ್ಯವಸ್ಥೆ ಮಾಡುತ್ತೇವೆ ಅಂತ ರಿಪೋರ್ಟಿನಲ್ಲಿ ಬರೆದಿದ್ದಾರೆ.”

“ಬರೆದಿದ್ದಾರೆ” ಎಂದರು ಮಿಸ್, ಅಷ್ಟೇ.

ಡಾಕ್ಟ್ರು ನನ್ನ ಕಡೆ ತಿರುಗಿದರು. “ನೀನು ಹೇಳು.”

ನಾನು ಹೇಳಿದೆ. ತಡಮಾಡದೆ ಹೇಳಿದೆ. “ಕೊಡಿ ಡಾಕ್ಟ್ರೇ ವೋಟು. ಆ ಪಾರ್ಕು ಇವತ್ತಲ್ಲದಿದ್ದರೆ ನಾಳೆ ಹೋಗುವುದೇ. ನೀವು ಬೇಡ ಅಂದರೆ ಪಾರ್ಕೂ ಹೋಗುತ್ತದೆ, ಕುರ್ಚಿಯೂ ಬರುವುದಿಲ್ಲ. ಎಷ್ಟು ಸಾವಿರ ಬಾಯಿಗಳು ಕಾಯುತ್ತಿವೆ ಅಂತ ನೀವೇ ಹೇಳಿದ್ದಲ್ಲವಾ? ಪಾರ್ಕಿನಲ್ಲಿ ಇರುವುದು ಎಷ್ಟು ಮನೆ?” ನನ್ನ ಮಾತು ಎಷ್ಟು ನ್ಯಾಯವಾಗಿ ಕೇಳಿಸಿತೆಂದರೆ ನಾನೇ ನಂಬಿದೆ. ಮಿಸ್ ಡಬ್ಬಿ ಮುಚ್ಚಿ ಎದ್ದರು.

ಆ ಸಂಜೆ ನಾನೂ ಸಭೆಗೆ ಹೋಗಿದ್ದೆ. ಸಾರ್ವಜನಿಕರ ಸಾಲಿನಲ್ಲಿ ಪಾರ್ಕಿನ ಹತ್ತು ಹನ್ನೆರಡು ಮುದುಕರು. ಅವರ ಪರವಾಗಿ ಕೆವಿನ್ನನಿಗೆ ಮಾತಾಡಲು ಮೂರು ನಿಮಿಷ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ. ಜೇಬಿನಿಂದ ಕಾಗದ ತೆಗೆದ. “ನಾವು ಯಾರಿಗೂ ತೊಂದರೆ ಕೊಟ್ಟವರಲ್ಲ. ಅಲ್ಲಿ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಗೋಡೆ ತಟ್ಟಿದರೆ ಸಾಕು, ಪಕ್ಕದವರಿಗೆ ಕೇಳುತ್ತದೆ. ನಮ್ಮನ್ನು ಬೇರೆ ಬೇರೆ ಕಡೆ ಹಾಕಿದರೆ ಯಾರ ಗೋಡೆ ತಟ್ಟುವುದು?” ಎಂದು ಓದಿದ. ಇನ್ನೂ ಒಂದು ನಿಮಿಷ ಉಳಿದಿತ್ತು, ಏನು ಹೇಳುವುದೆಂದು ತಿಳಿಯದೆ ಥ್ಯಾಂಕ್ಯೂ ಅಂದ. ಆಮೇಲೆ ಬೇರೆ ವಿಷಯಗಳ ಚರ್ಚೆ ಎಳೆದೂ ಎಳೆದೂ ನಡೆಯಿತು. ಪಾರ್ಕಿನ ಕಡೆಗೆ ಕೊನೆಯ ಬಸ್ಸು ತಪ್ಪುತ್ತದೆಂದು ಮುದುಕರು ಒಬ್ಬೊಬ್ಬರೇ ಎದ್ದರು. ಹೋಗುವಾಗ ಕೆವಿನ್ ಡಾಕ್ಟ್ರ ಕಡೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ.

ಅವರು ಹೋದ ಮೇಲೆ ವೋಟಿಗೆ ಹಾಕಿದರು. ಪರವಾಗಿರುವವರು ಕೈ ಎತ್ತಿ ಅಂದರು ಮೇಯರು. ಡಾಕ್ಟ್ರ ಬಲಗೈ ಮೇಜಿನ ಮೇಲೆ ಮುಷ್ಟಿಯಾಗಿತ್ತು. ನಿಧಾನವಾಗಿ ಮೇಲೆ ಹೋಯಿತು, ಪೂರ್ತಿ ಬಿಚ್ಚಿಕೊಳ್ಳಲಿಲ್ಲ.

ಪಾರ್ಕು ಆರು ತಿಂಗಳಲ್ಲಿ ಖಾಲಿಯಾಯಿತು. ಬೇರೆ ವ್ಯವಸ್ಥೆಯೆಂದರೆ ಫೋನ್ ನಂಬರುಗಳ ಒಂದು ಪಟ್ಟಿ. ಹೂತುಹೋದ ಚಕ್ರಗಳನ್ನು ಎಬ್ಬಿಸಲಾಗದೆ ಎಷ್ಟೋ ಡಬ್ಬಿಮನೆಗಳನ್ನು ಅಲ್ಲೇ ಜಜ್ಜಿ ಲಾರಿಗೆ ತುಂಬಿದರು.

ಶಿಶು ಕೇಂದ್ರಕ್ಕೆ ಸುಣ್ಣಬಣ್ಣವಾಯಿತು. ಎರಡು ಹೊಸ ಕುರ್ಚಿ ಬಂದವು, ತಿಳಿ ಹಸಿರು. ಗೋಡೆಯ ಮೇಲೆ ಹಿತ್ತಾಳೆಯ ಫಲಕ, ಅದರಲ್ಲಿ ಡಾಕ್ಟ್ರ ಹೆಸರೂ ಇತ್ತು. ಡೆಂಟಿಸ್ಟಿಗೆ ಸಂಬಳ ಯಾರು ಕೊಡುವುದು ಅಂತ ಕೇಳಿದಾಗ ಮತ್ತೆ ಅದೇ ಮೂರು ಬಾಗಿಲು. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ತೆಗೆಯಲೇ ಇಲ್ಲ. ಶನಿವಾರ ನಾನೇ ಬಿಟ್ಟಿಯಾಗಿ ಬಂದು ನೋಡುತ್ತೇನೆ ಎಂದು ಡಾಕ್ಟ್ರು ಬರೆದುಕೊಟ್ಟರು. ವಿಮೆ ಇಲ್ಲದೆ ಕೌನ್ಸಿಲ್ಲಿನ ಕಟ್ಟಡದಲ್ಲಿ ಹಾಗೆ ಮಾಡುವಂತಿಲ್ಲ ಅಂದರು. ಡಾಕ್ಟ್ರು ಒಂದು ಶನಿವಾರ ಬೀಗದ ಕೈ ತೆಗೆದುಕೊಂಡು ಹೋಗಿ ಒಳಗೆ ಕೂತು ಬಂದರು. ನಾನು ಜೊತೆಗಿದ್ದೆ. ಒಂದು ಕುರ್ಚಿಯಲ್ಲಿ ಅವರು, ಇನ್ನೊಂದರಲ್ಲಿ ನಾನು. ಕೂತಾಗ ಪ್ಲಾಸ್ಟಿಕ್ಕು ಚರಚರ ಅಂದಿತು. ಎದ್ದು ಬಂದೆವು. ಆ ವರ್ಷದ ಕೊನೆಗೆ ಕೌನ್ಸಿಲ್ಲಿನವರು ಬೀದಿಯ ಕ್ರಿಸ್‌ಮಸ್ ಅಲಂಕಾರದ ಸಾಮಾನೆಲ್ಲ ಅಲ್ಲಿ ತುಂಬಿಸಿದರು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಬೇಲಿಯ ಮೇಲಿನ ಪೋಸ್ಟರನ್ನು ಈ ಸಲ ಯಾರೂ ಹಾಳು ಮಾಡಿರಲಿಲ್ಲ. ಅದನ್ನು ಬಿಚ್ಚುವಾಗ ಅವರು ಹೇಳಿದರು, “ಯಾರಿಗೂ ನನ್ನ ಮೇಲೆ ಸಿಟ್ಟೂ ಇಲ್ಲ, ನೋಡು.”

ಕೆವಿನ್ ಸಿಕ್ಕಿದ್ದು ಅದೇ ವರ್ಷ, ಬ್ಲ್ಯಾಕ್‌ಟೌನಿನ ಶಾಪಿಂಗ್ ಸೆಂಟರಿನಲ್ಲಿ. ಡಾಕ್ಟ್ರಿಗೆ ಹೊಸ ಕನ್ನಡಕ ತರಲು ಹೋಗಿದ್ದೆವು. ಯಾರೋ ಹಿಂದಿನಿಂದ ‘ಡಾಕ್!’ ಎಂದು ಕೂಗಿದರು. ತುಂಬ ಇಳಿದುಹೋಗಿದ್ದ. ಎರಡು ಗಂಟೆ ರೈಲಿನ ದೂರದಲ್ಲಿ ತಂಗಿಯ ಕಾರ್ ಗ್ಯಾರೇಜಿನಲ್ಲಿ ಮಂಚ ಹಾಕಿಕೊಂಡಿದ್ದಾನಂತೆ. ಡಾಕ್ಟ್ರ ಎರಡೂ ಕೈ ಹಿಡಿದುಕೊಂಡ.

“ಆ ಕೌನ್ಸಿಲ್ ಕಳ್ಳರು ಎಲ್ಲ ಸೇರಿ ನಮ್ಮನ್ನು ಮಾರಿಬಿಟ್ಟರು ಡಾಕ್. ನೀನೊಬ್ಬ ನಮ್ಮ ಪರ ನಿಂತೆ. ನಾನು ಎಲ್ಲರಿಗೂ ಹೇಳುತ್ತೇನೆ.”

ಡಾಕ್ಟ್ರು ಬಾಯಿ ತೆರೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. “ಹಲ್ಲು ಹೇಗಿದೆ ಕೆವಿನ್?” ಅಂದರು.

ಕೆವಿನ್ ಅಲ್ಲೇ, ಜನ ಓಡಾಡುವ ಜಾಗದಲ್ಲಿ, ಬಾಯಿ ಅಗಲಿಸಿ ತೋರಿಸಿದ. ಮೇಲೆ ನಾಲ್ಕು, ಕೆಳಗೆ ಆರು ಉಳಿದಿದ್ದವು. ಅವನು ಹೋದ ಮೇಲೆ ಡಾಕ್ಟ್ರು ಫುಡ್‌ಕೋರ್ಟಿನ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದರು. ಕನ್ನಡಕ ತೆಗೆದುಕೊಳ್ಳದೆಯೇ ವಾಪಸು ಬಂದೆವು.

ಎರಡು ತಿಂಗಳಾದ ಮೇಲೆ ಅವರಿಗೆ ಪಾರ್ಶ್ವವಾಯು ಹೊಡೆಯಿತು, ಬಲಗೈ ಹೋಯಿತು. ಕ್ಲಿನಿಕ್ ಮಾರಿ ಗಂಡಹೆಂಡತಿ ಮೆಲ್ಬರ್ನಿಗೆ ಬಂದರು. ಮಗಳು ಕ್ಲೇಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಷ್ಟರಲ್ಲಿ ನನ್ನ ಗಂಡನಿಗೂ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ನಾನು ಪರೀಕ್ಷೆಯ ಪುಸ್ತಕಗಳನ್ನು ಗಿರಾವೀನ್‌ನಲ್ಲೇ ಇನ್ನೊಬ್ಬ ಹುಡುಗಿಗೆ ಕೊಟ್ಟು ಬಂದೆ.

ಭಾನುವಾರ ನಮ್ಮ ಕೆಥೊಲಿಕ್ ಇಗರ್ಜಿಯ ಪೂಜೆ ಮುಗಿಸಿ ಅವರ ಮನೆಗೆ ಹೋಗುತ್ತಿದ್ದೆ. ಹಿತ್ತಿಲ ಶೀಟಿನ ಮಾಡಿನ ಕೆಳಗೆ ಕೂತಿರುತ್ತಿದ್ದರು, ಬಲಗೈಯನ್ನು ಮಡಿಲಲ್ಲಿ ಯಾರದೋ ವಸ್ತುವಿನಂತೆ ಇಟ್ಟುಕೊಂಡು. ಮಾತು ಸ್ವಲ್ಪ ತೊದಲುತ್ತಿತ್ತು, ತಲೆ ಚೆನ್ನಾಗಿತ್ತು. ಒಂದು ಚಳಿಗಾಲದ ಭಾನುವಾರ ಇನ್ನು ತಡೆಯಲಾರದೆ ಹೇಳಿಬಿಟ್ಟೆ.

“ಡಾಕ್ಟ್ರೇ, ಅವತ್ತು ವೋಟು ಕೊಡಿ ಅಂತ ಹೇಳಿದ್ದು ಊರಿನ ಬಾಯಿಗಳಿಗಾಗಿ ಅಲ್ಲ. ನನಗೆ ಆ ಕುರ್ಚಿ ಬೇಕಿತ್ತು.”

ಅವರು ನನ್ನ ಕಡೆ ನೋಡಲಿಲ್ಲ. ಪಕ್ಕದ ಮನೆಯ ಸ್ಟೂಡೆಂಟು ಹುಡುಗರು ಬಟ್ಟೆ ಒಣಹಾಕುತ್ತಿದ್ದರು, ಅವರನ್ನು ನೋಡುತ್ತಿದ್ದರು.

“ಗೊತ್ತಿತ್ತು ಮಾರಾಯ್ತಿ.”

“ಗೊತ್ತಿದ್ದೂ?”

“ಹೆಂಡತಿ ಬೇಡ ಅಂದಿದ್ದಳು. ಹೌದು ಅನ್ನುವವರು ಒಬ್ಬರು ಬೇಕಿತ್ತು. ಯಾರನ್ನು ಕೇಳಿದರೆ ಸಿಗುತ್ತದೆ ಅಂತ ಗೊತ್ತಿದ್ದೇ ನಿನ್ನನ್ನು ಕೇಳಿದ್ದು.” ಆಮೇಲೆ, “ನಿನ್ನನ್ನು ಹಾಗೆ ಬಳಸಬಾರದಿತ್ತು” ಅಂದರು.

ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಅವರಿಗೂ ಆದಂತೆ ಕಾಣಲಿಲ್ಲ. ಒಳಗಿಂದ ಮಿಸ್ ಚಹಾಕ್ಕೆ ಕರೆದರು.

ಅಂತ್ಯಕ್ರಿಯೆಗೆ ಮೂವತ್ತು ಜನವೂ ಇರಲಿಲ್ಲ. ನಮ್ಮ ಹಳೆಯ ಕೌನ್ಸಿಲ್ಲಿನಿಂದ ಒಂದು ಪತ್ರ ಬಂದಿತ್ತು, ಮಗಳು ಓದಿದಳು. ಬಡವರ ದಂತ ಚಿಕಿತ್ಸಾಲಯಕ್ಕೆ ಕಾರಣರಾದ ಜನಸೇವಕ ಎಂದು ಅದರಲ್ಲಿತ್ತು. ಎಲ್ಲರಿಗಿಂತ ಹೆಚ್ಚು ಕಾಲ ಜೊತೆಗೆ ಕೆಲಸ ಮಾಡಿದವಳೆಂದು ನನ್ನನ್ನೂ ಮಾತಾಡಲು ಕರೆದಳು. ನಾನು ಮುಷ್ಟಿಯಲ್ಲಿ ಮದ್ದು ಬಿಸಿ ಮಾಡುತ್ತಿದ್ದದ್ದನ್ನು ಹೇಳಿದೆ. ಕ್ರಿಕೆಟ್ಟಿನ ಕತೆ ಹೇಳಿದೆ, ಜನ ನಕ್ಕರು. ಬಂದು ಮಿಸ್ ಪಕ್ಕದಲ್ಲಿ ಕೂತೆ.

ಅವರು ಮುಂದೆ ನೋಡುತ್ತಲೇ ಕೇಳಿದರು, “ಕೆವಿನ್ ವಿಷಯ ಹೇಳಲಿಲ್ಲ ನೀನು.”

“ಹೇಳಬೇಕಿತ್ತಾ ಮಿಸ್?”

“ನನ್ನ ಗಂಡನೂ ಹೇಳಲಿಲ್ಲ. ಆ ಬುಧವಾರ ಮನೆಗೆ ಬಂದು ಊಟ ಮಾಡಿ ಮಲಗಿದ. ನಾನು ಕೇಳಲಿಲ್ಲ. ಆಮೇಲೂ ಒಂದು ದಿನ ಕೇಳಲಿಲ್ಲ.” ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಸಿಟ್ಟೋ ಸಂಕಟವೋ ನನಗೆ ಈಗಲೂ ತಿಳಿಯದು.

ಹೊರಗೆ ಚಹಾ ಕುಡಿಯುವಾಗ ಮಗಳು ಬಂದು ತಬ್ಬಿಕೊಂಡಳು. “ಅಪ್ಪನ ಇಂಥ ಕತೆಗಳು ನಿನ್ನ ಹತ್ತಿರ ಎಷ್ಟೋ ಇರಬೇಕು. ಎಲ್ಲವನ್ನೂ ಬರೆದಿಡು. ನನಗೆ ಮಕ್ಕಳಾದರೆ ಓದುತ್ತಾರೆ. ಅವರು ಕೌನ್ಸಿಲ್ಲಿನಲ್ಲಿ ಏನೇನು ಮಾಡಿದರು ಅಂತ ನನಗೂ ಸರಿಯಾಗಿ ಗೊತ್ತಿಲ್ಲ” ಅಂದಳು.

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಬರೆದಿದ್ದೇನೆ, ಒಂದನ್ನೂ ಬಿಡದೆ. ಆದರೆ ಕನ್ನಡದಲ್ಲಿ ಬರೆದಿದ್ದೇನೆ. ಆ ಮನೆಯಲ್ಲಿ ಯಾರಿಗೂ ಇದನ್ನು ಓದಲು ಬರುವುದಿಲ್ಲ.